ವೆಂಟಿಲೇಟರ್ ಮೇಲಿರುವವರಿಗೆ ಟ್ರೇಕಿಯಾಸ್ಟಮಿ: ಈಗಲೇ ಮಾಡಿಸೋದಾ, ಕಾಯೋದಾ?

ಹಾವೇರಿ ಹುಡುಗ

ಎಲ್ಲಾರಿಗೂ ನಮಸ್ಕಾರ್ರೀ. ನಮ್ಮ ಕಾಕಾಗ ಬಿಪಿ ಏರಿ ಮಿದುಳಿನ್ಯಾಗ ರಕ್ತಸ್ರಾವ ಆಗೇದ. 58 ವಯಸ್ಸು. ಐಸಿಯುದಾಗ ವೆಂಟಿಲೇಟರ್ ಮ್ಯಾಲ ಅದಾರ, ವಾರ ಆಗ್ಲಿಕ್ಕ ಬಂತು. ಕಣ್ಣು ಬಿಡತಾರ, ಎಡಗೈ ಅಲುಗಾಡಸ್ತಾರ, ಆದ್ರ ನಾವು ಹೇಳಿದ್ದು ತಿಳೀತದೋ ಇಲ್ಲೋ ಗೊತ್ತಾಗೂದಿಲ್ಲ. ನಿನ್ನೆ ಡಾಕ್ಟರ್ ಕರದು "ಟ್ರೇಕಿಯಾಸ್ಟಮಿ ಮಾಡೋಣ, ಸಹಿ ಹಾಕ್ರಿ" ಅಂದ್ರು. ಕಾಕಿ "ಕುತ್ತಿಗಿ ಕೊಯ್ಯಾಕ ನಾ ಬಿಡೂದಿಲ್ಲ" ಅಂತ ಹಟ ಹಿಡದಾರ. ಬೀಗರ ಕಡೆ ಒಬ್ರು ಹಿರೇ ಡಾಕ್ಟರ್ ಅದಾರ, ಅವರು "ಎರಡು ವಾರ ಆಗೂತನಾ ಕೈ ಹಚ್ಚಬ್ಯಾಡ್ರಿ" ಅಂತಾರ. ಇನ್ನೊಬ್ರು "ತಡಾ ಮಾಡಿದ್ರ ಗಂಟಲು ಕೆಡತದ" ಅಂತಾರ. ಯಾರ ಮಾತು ಕೇಳೂದ್ರೀ?

ಅರಿವಳಿಕೆ ಮೇಷ್ಟ್ರು, ಮೈಸೂರು

ಮೊದಲು ನಿಮ್ಮ ಕಾಕಿಯವರಿಗೆ ಹೇಳಬೇಕಾದ್ದು. ಕುತ್ತಿಗೆ ಕೊಯ್ಯೋದು ಅಂದ ತಕ್ಷಣ ಅವರ ಕಣ್ಣ ಮುಂದೆ ಏನು ಬರುತ್ತೋ ಅದು ಇಲ್ಲಿ ನಡೆಯೋದಿಲ್ಲ. ಗಂಟಲಮಣಿಗಿಂತ ಕೆಳಗೆ, ಶ್ವಾಸನಾಳದ ಎರಡನೇ ಮೂರನೇ ಉಂಗುರಗಳ ಆಸುಪಾಸಿನಲ್ಲಿ ಸಣ್ಣ ಗಾಯ ಮಾಡಿ ಒಂದು ಬಾಗಿದ ಗಿಡ್ಡ ನಳಿಕೆ ಇಳಿಸ್ತಾರೆ. ಈಗ ಬಾಯಿಂದ ಹೋಗಿರೋ ಟ್ಯೂಬು ಮಾಡ್ತಿರೋ ಕೆಲಸವನ್ನೇ ಅದೂ ಮಾಡುತ್ತೆ. ಅಗತ್ಯ ತೀರಿದ ಮೇಲೆ ತೆಗೀತಾರೆ. ಡ್ರೆಸಿಂಗ್ ಹಾಕಿಟ್ಟರೆ ಬಹುಪಾಲು ಜನಕ್ಕೆ ಆ ತೂತು ತಾನಾಗಿಯೇ ಮುಚ್ಚಿಕೊಳ್ಳುತ್ತೆ.

ಬಾಯಿಯ ಟ್ಯೂಬಿನ ಕಷ್ಟ ಏನಂದ್ರೆ, ಅದು ಧ್ವನಿತಂತುಗಳ ಮಧ್ಯದಿಂದಲೇ ಹಾದು ಹೋಗಿರುತ್ತೆ. ಎಚ್ಚರ ಇರೋ ಮನುಷ್ಯನಿಗೆ ಅದನ್ನ ಸಹಿಸೋದು ಕಷ್ಟ, ಹಾಗಾಗಿ ಮಂಪರಿನ ಔಷಧಿ ಹರೀತಾ ಇರಬೇಕು. ಮಂಪರು ಜಾಸ್ತಿ ಆದಷ್ಟೂ ಉಸಿರಾಟದ ಸ್ನಾಯುಗಳು ಸೊರಗ್ತವೆ. ಮಿದುಳಿನ ಕೇಸಿನಲ್ಲಂತೂ ಮಂಪರಿನಲ್ಲಿರೋ ರೋಗಿಯ ಮಿದುಳು ಚೇತರಿಸಿಕೊಳ್ತಿದೆಯೋ ಇಲ್ಲವೋ ಅಂತ ಪರೀಕ್ಷೆ ಮಾಡೋದೇ ಕಷ್ಟ. ಕುತ್ತಿಗೆಯ ನಳಿಕೆ ಇದ್ದರೆ ಮಂಪರು ಕಡಿಮೆ ಸಾಕು, ಬಾಯಿ ಸ್ವಚ್ಛ ಮಾಡಬಹುದು, ಕೂರಿಸಬಹುದು, ವೆಂಟಿಲೇಟರನ್ನ ಹಗಲು ಬಿಡಿಸಿ ರಾತ್ರಿ ಹಾಕಬಹುದು. ಇಷ್ಟರ ಬಗ್ಗೆ ವೈದ್ಯರಲ್ಲಿ ಜಗಳ ಇಲ್ಲ.

ಆದರೆ ಟ್ರೇಕಿ ಒಳ್ಳೇದು ಅನ್ನೋದಕ್ಕೂ ಇವತ್ತೇ ಆಗಬೇಕು ಅನ್ನೋದಕ್ಕೂ ತುಂಬಾ ದೂರ ಇದೆ. ನಿಮ್ಮ ಬೀಗರ ಡಾಕ್ಟರು ಹೇಳಿದ್ದು ಅವರ ಕಾಲದ ಪಾಠ. 1989ರಲ್ಲಿ ಅಮೆರಿಕದ ತಜ್ಞರೆಲ್ಲ ಕೂತು ಒಂದು ಒಮ್ಮತಕ್ಕೆ ಬಂದಿದ್ದರು: 10 ದಿನದೊಳಗೆ ಮುಗಿಯೋ ಹಾಗಿದ್ರೆ ಬಾಯಿಯ ಟ್ಯೂಬೇ ಇರಲಿ, 21 ದಿನ ದಾಟುತ್ತೆ ಅನ್ನಿಸಿದ್ರೆ ಟ್ರೇಕಿ ಮಾಡಿ, ನಡುವೆ ಇದ್ದರೆ ದಿನಾ ನೋಡಿ ತೀರ್ಮಾನಿಸಿ. ಅದು ಅನುಭವದ ಮೇಲೆ ನಿಂತ ಮಾತು. ಆಗ ಕೈಯಲ್ಲಿ ದೊಡ್ಡ ಅಧ್ಯಯನ ಇರಲಿಲ್ಲ.

ಬಿಲ್ ನೋಡಿ ಬೆಚ್ಚಿದವ

ಮೇಷ್ಟ್ರೇ, ಇದೆಲ್ಲ ಪುಸ್ತಕದಲ್ಲಿ ಚೆನ್ನಾಗಿರುತ್ತೆ. ನಮ್ಮ ಭಾವನವರಿಗೆ ಬೈಕ್ ಆಕ್ಸಿಡೆಂಟ್ ಆಗಿ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದಾಗ ಎರಡನೇ ದಿನವೇ ಕನ್ಸೆಂಟ್ ಫಾರಂ ಹಿಡಿದುಕೊಂಡು ಬಂದರು. ಯಾಕೆ ಅಂತ ಕೇಳಿದ್ರೆ "ಪ್ರೋಟೋಕಾಲ್" ಅಂದರು. ನಾವು ಒಪ್ಪಲಿಲ್ಲ. ನಾಲ್ಕೈದು ದಿನದಲ್ಲಿ ಟ್ಯೂಬ್ ತೆಗೆದರು, ಮನುಷ್ಯ ಈಗ ಆರಾಮಾಗಿ ಓಡಾಡ್ತಿದ್ದಾರೆ. ಪ್ರೊಸೀಜರ್ ಒಂದು ಜಾಸ್ತಿ ಆದ್ರೆ ಬಿಲ್ಲಿನಲ್ಲಿ ಒಂದು ಸಾಲು ಜಾಸ್ತಿ, ಅಷ್ಟೇ ಲೆಕ್ಕ.

ರಾತ್ರಿಪಾಳಿ ಸಿಸ್ಟರ್, ಮಂಗಳೂರು

ಬಿಲ್ಲಿನ ವಿಷಯ ನನಗೆ ಗೊತ್ತಿಲ್ಲ ಮಾರಾಯ್ರೆ, ಹಾಸಿಗೆ ಪಕ್ಕ ನಿಂತು ನೋಡಿದ್ದನ್ನು ಹೇಳ್ತೇನೆ. ಬಾಯಿಯ ಟ್ಯೂಬ್ ಹತ್ತು ದಿನ ದಾಟಿದ ಪೇಷೆಂಟಿನ ತುಟಿ ನೋಡಿದ್ದೀರಾ? ಒಂದೇ ಕಡೆ ಕಟ್ಟಿದರೆ ಹುಣ್ಣಾಗ್ತದೆ, ಹಾಗಾಗಿ ನಾವು ಟ್ಯೂಬನ್ನು ಬಲದಿಂದ ಎಡಕ್ಕೆ, ಎಡದಿಂದ ಬಲಕ್ಕೆ ಬದಲಿಸ್ತಾ ಇರಬೇಕು. ಸ್ವಲ್ಪ ಎಚ್ಚರ ಬಂದರೆ ಕಚ್ಚುತ್ತಾರೆ. ಇನ್ನೂ ಸ್ವಲ್ಪ ಎಚ್ಚರ ಬಂದರೆ ಎಳೆದು ತೆಗೀತಾರೆ, ಅದಕ್ಕೆ ಕೈ ಕಟ್ಟಬೇಕಾಗ್ತದೆ. ಮನೆಯವರು ಕೈ ಕಟ್ಟಿದ್ದು ನೋಡಿ ನಮಗೆ ಬೈತಾರೆ. ಟ್ರೇಕಿ ಆದ ಮೇಲೆ ಅದೇ ಪೇಷೆಂಟ್ ದಿಂಬಿಗೆ ಒರಗಿ ಕೂತು ಮಗಳ ಮುಖ ನೋಡುವುದು ಉಂಟು.

ಆದರೆ ಟ್ರೇಕಿ ಅಂದ್ರೆ ಸುರಕ್ಷಿತ ಅಂತ ತಿಳ್ಕೊಳ್ಳುವವರಿಗೆ ಇನ್ನೊಂದು ಮಾತು. ಮೊದಲ ವಾರ ಹತ್ತು ದಿನ ಆ ದಾರಿ ಗಟ್ಟಿ ಆಗಿರುವುದಿಲ್ಲ. ಪೇಷೆಂಟನ್ನು ಮಗ್ಗುಲಿಗೆ ತಿರುಗಿಸುವಾಗ ನಳಿಕೆ ಜಾರಿದರೆ ಒಳಗಿನ ಚರ್ಮ ಮಾಂಸ ಮುಚ್ಚಿಕೊಳ್ತದೆ. ಗಾಬರಿಯಲ್ಲಿ ಅದನ್ನೇ ವಾಪಸ್ ತಳ್ಳಿದರೆ ಶ್ವಾಸನಾಳದ ಬದಲು ಅದರ ಮುಂದಿನ ಜಾಗಕ್ಕೆ ಹೋಗಿ ಕೂರ್ತದೆ, ಗಾಳಿ ಎಲ್ಲ ಕುತ್ತಿಗೆಗೆ ತುಂಬ್ತದೆ. ಆ ಹೊತ್ತಿಗೆ ತಿಳಿದವರು ಮಾಡುವುದು ಪುನಃ ಬಾಯಿಯಿಂದಲೇ ಟ್ಯೂಬ್ ಹಾಕುವುದು. ಹಾಗಾಗಿ ಯಾವ ದಿನ ಮಾಡ್ತಾರೆ ಅಂತ ಕೇಳುವವರು, ಮಾಡಿದ ರಾತ್ರಿ ಅಲ್ಲಿ ಯಾರಿರ್ತಾರೆ ಅಂತಲೂ ಕೇಳಿ.

ಅರಿವಳಿಕೆ ಮೇಷ್ಟ್ರು, ಮೈಸೂರು

ಸಿಸ್ಟರ್ ಹೇಳಿದ್ದು ಅಕ್ಷರಶಃ ನಿಜ. ಬೆಚ್ಚಿದವರೇ, ನಿಮ್ಮ ಅನುಮಾನವನ್ನ ನಾನು ತಳ್ಳಿಹಾಕಲ್ಲ. ಕಾರಣ ಕೇಳಿದಾಗ "ಪ್ರೋಟೋಕಾಲ್" ಅನ್ನೋದು ಉತ್ತರವೇ ಅಲ್ಲ. ಆದರೆ ಬೇಗ ಮಾಡಬೇಕು ಅನ್ನೋ ಉತ್ಸಾಹ ದುಡ್ಡಿನಿಂದ ಹುಟ್ಟಿದ್ದಲ್ಲ, ಒಂದು ಅಧ್ಯಯನದಿಂದ ಹುಟ್ಟಿದ್ದು. 2004ರಲ್ಲಿ ಅಮೆರಿಕದ ರುಂಬಾಕ್ ಮತ್ತು ಸಂಗಡಿಗರು 120 ರೋಗಿಗಳನ್ನ ಎರಡು ಪಾಲು ಮಾಡಿದರು. ಒಂದು ಪಾಲಿಗೆ 48 ಗಂಟೆಯೊಳಗೆ ಟ್ರೇಕಿ, ಇನ್ನೊಂದಕ್ಕೆ 14ರಿಂದ 16ನೇ ದಿನಕ್ಕೆ. ಬೇಗ ಮಾಡಿದ ಗುಂಪಿನಲ್ಲಿ ನೂರಕ್ಕೆ 32 ಜನ ತೀರಿಕೊಂಡರೆ, ತಡ ಮಾಡಿದ ಗುಂಪಿನಲ್ಲಿ 62. ಅಂಥ ಅಂತರ ಐಸಿಯು ಲೋಕದಲ್ಲಿ ಬಲು ಅಪರೂಪ. ನಂಬೋಕೆ ಆಗದಷ್ಟು ಚೆನ್ನಾಗಿತ್ತು. ನಂಬಬಾರದಿತ್ತು ಅಂತ ಆಮೇಲೆ ಗೊತ್ತಾಯ್ತು.

2010ರಲ್ಲಿ ಇಟಲಿಯ 12 ಐಸಿಯುಗಳಲ್ಲಿ 419 ರೋಗಿಗಳ ಮೇಲೆ ಟೆರಾನಿಯವರ ತಂಡ ನೋಡಿತು. 6–8ನೇ ದಿನ ಮಾಡಿದವರಲ್ಲಿ ನೂರಕ್ಕೆ 14 ಜನಕ್ಕೆ ನ್ಯುಮೋನಿಯಾ, 13–15ನೇ ದಿನದ ಗುಂಪಿನಲ್ಲಿ 21. ವ್ಯತ್ಯಾಸ ಇದೆ ಅನ್ನಿಸುತ್ತೆ, ಆದರೆ ಆಕಸ್ಮಿಕ ಅಲ್ಲ ಅಂತ ಎದೆ ತಟ್ಟಿ ಹೇಳೋಷ್ಟು ಇಲ್ಲ.

ಆಮೇಲೆ ಬಂದದ್ದು ಬ್ರಿಟನ್ನಿನ ಟ್ರ್ಯಾಕ್‌ಮ್ಯಾನ್ ಅನ್ನೋ ಅಧ್ಯಯನ, 2013. ಸುಮಾರು 900 ರೋಗಿಗಳು, 70ಕ್ಕೂ ಹೆಚ್ಚು ಐಸಿಯುಗಳು. ಇನ್ನೂ ಕನಿಷ್ಠ ಒಂದು ವಾರ ವೆಂಟಿಲೇಟರ್ ಬೇಕಾಗುತ್ತೆ ಅಂತ ವೈದ್ಯರು ಅಂದಾಜು ಮಾಡಿದವರನ್ನ ಮಾತ್ರ ಸೇರಿಸಿದ್ದರು. ಒಂದು ಗುಂಪಿಗೆ ನಾಲ್ಕು ದಿನದೊಳಗೆ ಟ್ರೇಕಿ. ಇನ್ನೊಂದು ಗುಂಪಿಗೆ 10ನೇ ದಿನದ ತನಕ ಕಾಯೋದು, ಆಗಲೂ ಬೇಕು ಅನ್ನಿಸಿದರೆ ಮಾತ್ರ ಮಾಡೋದು. 30 ದಿನದ ಲೆಕ್ಕದಲ್ಲಿ ಸಾವು ಶೇಕಡಾ 30.8 ಮತ್ತು 31.5. ಅಂದರೆ ಒಂದೇ. ಎರಡು ವರ್ಷ ಬಿಟ್ಟು ನೋಡಿದರೂ ಗಣನೀಯ ವ್ಯತ್ಯಾಸ ಇಲ್ಲ.

ಆ ಅಧ್ಯಯನದಲ್ಲಿ ನನಗೆ ಮುಖ್ಯ ಅನ್ನಿಸೋದು ಬೇರೆ ಅಂಕಿ. ಕಾಯೋ ಗುಂಪಿನಲ್ಲಿ ಕೊನೆಗೆ ಟ್ರೇಕಿ ಆದದ್ದು ಶೇಕಡಾ 45 ಜನಕ್ಕೆ ಮಾತ್ರ. ಉಳಿದವರಲ್ಲಿ ಕೆಲವರು ತೀರಿಕೊಂಡರು, ಆದರೆ ಬಹಳಷ್ಟು ಜನ ಸುಮ್ಮನೆ ಟ್ಯೂಬ್ ತೆಗೆಸಿಕೊಂಡು ಹೊರಗೆ ಬಂದರು. ನೆನಪಿಡಿ, ಇವರೆಲ್ಲ "ಇನ್ನೂ ಒಂದು ವಾರವಾದರೂ ಬೇಕು" ಅಂತ ಅನುಭವಿ ವೈದ್ಯರೇ ಹೇಳಿದ್ದ ರೋಗಿಗಳು! ನಾಲ್ಕನೇ ದಿನಕ್ಕೆ ನಿಂತು ಹದಿನಾಲ್ಕನೇ ದಿನ ಏನಾಗುತ್ತೆ ಅಂತ ಹೇಳೋದರಲ್ಲಿ ನಮ್ಮ ಕುಲ ಅಷ್ಟೇನೂ ಜಾಣರಲ್ಲ. ನಿಮ್ಮ ಭಾವನವರ ಕತೆಯೂ ಆ ಪೈಕಿಯದೇ.

ಕಿವಿ ಮೂಗು ಗಂಟಲು

ಮೇಷ್ಟ್ರ ಜೊತೆ ಸ್ವಲ್ಪ ಜಗಳ ಆಡಬೇಕಿದೆ. ಸಾವಿನ ಲೆಕ್ಕ ಒಂದೇ ಇಟ್ಟುಕೊಂಡರೆ ಅವರು ಹೇಳಿದ್ದು ಸರಿ. ಆದರೆ ನನ್ನ ಓಪಿಡಿಗೆ ಬರುವವರು ಬದುಕಿ ಉಳಿದವರು. ಮೂರು ವಾರ ಬಾಯಿಯ ಟ್ಯೂಬಿನಲ್ಲಿದ್ದು ಮನೆಗೆ ಹೋಗಿ, ಒಂದೆರಡು ತಿಂಗಳಿಗೆ ಮೆಟ್ಟಿಲು ಹತ್ತಿದರೆ ಏದುಸಿರು, ಉಸಿರಿನಲ್ಲಿ ಸೀಟಿಯ ಸದ್ದು. ಊರಿನಲ್ಲಿ ಆಸ್ತಮಾ ಅಂತ ಇನ್‌ಹೇಲರ್ ಕೊಟ್ಟಿರುತ್ತಾರೆ. ದುರ್ಬೀನು ಹಾಕಿ ನೋಡಿದರೆ ಧ್ವನಿತಂತುಗಳ ಕೆಳಗೆ ಶ್ವಾಸನಾಳ ಕಿರಿದಾಗಿ ಪೆನ್ಸಿಲ್ ಗಾತ್ರಕ್ಕೆ ಬಂದಿರುತ್ತದೆ. ಅದನ್ನು ಸರಿಮಾಡುವುದು ಟ್ರೇಕಿ ಮಾಡಿದಷ್ಟು ಸುಲಭವಲ್ಲ. ಆದ್ದರಿಂದ ಕಾಯಿರಿ ಎನ್ನುವವರು ಎಲ್ಲಿಯ ತನಕ ಎಂಬುದನ್ನೂ ಹೇಳಬೇಕು. ಬೇಕೇ ಬೇಕು ಎಂದು ಗೊತ್ತಾದ ಮೇಲೂ ಇಂದು ನಾಳೆ ಎಂದು ಮುಂದೂಡುವುದು ಕಾಯುವುದಲ್ಲ.

ತಂತ್ರದ ಬಗ್ಗೆ ಒಂದು ಮಾತು. ಹಿಂದೆ ಪ್ರತಿಯೊಬ್ಬರನ್ನೂ ಆಪರೇಷನ್ ಥಿಯೇಟರಿಗೆ ಸಾಗಿಸಬೇಕಿತ್ತು. ವೆಂಟಿಲೇಟರ್ ರೋಗಿಯನ್ನು ಲಿಫ್ಟಿನಲ್ಲಿ ಸಾಗಿಸುವುದೇ ಅರ್ಧ ಅಪಾಯ. 1985ರಲ್ಲಿ ಸಿಯಾಲಿಯಾ ಎಂಬ ಅಮೆರಿಕದ ಶಸ್ತ್ರವೈದ್ಯರು ಸೂಜಿ ಚುಚ್ಚಿ, ತಂತಿ ಇಳಿಸಿ, ಅದರ ಮೇಲೆ ದಾರಿಯನ್ನು ಹಿಗ್ಗಿಸಿ ನಳಿಕೆ ಹಾಕುವ ವಿಧಾನ ಪ್ರಕಟಿಸಿದರು. ಈಗ ಬಹುಪಾಲು ಐಸಿಯುಗಳಲ್ಲಿ ಹಾಸಿಗೆಯಲ್ಲೇ, ಬ್ರಾಂಕೋಸ್ಕೋಪ್ (ಶ್ವಾಸನಾಳದೊಳಗೆ ಇಳಿಸುವ ದುರ್ಬೀನು) ಅಥವಾ ಅಲ್ಟ್ರಾಸೌಂಡ್ ನೋಡಿಕೊಂಡು ಮಾಡುತ್ತಾರೆ. ಕುತ್ತಿಗೆ ತೀರ ಗಿಡ್ಡ, ದೊಡ್ಡ ಗಳಗಂಡ, ಹಿಂದೆ ಅಲ್ಲಿ ಆಪರೇಷನ್ ಆಗಿರುವುದು, ಇಂಥವು ಇದ್ದರೆ ನಮ್ಮನ್ನು ಕರೆಯುತ್ತಾರೆ, ತೆರೆದೇ ಮಾಡುತ್ತೇವೆ.

ಅರಿವಳಿಕೆ ಮೇಷ್ಟ್ರು, ಮೈಸೂರು

ಜಗಳ ಸ್ವಾಗತ. ಆದರೆ ಸಾರ್, ನಿಮ್ಮ ಓಪಿಡಿಗೆ ಬರೋರು ತೊಂದರೆ ಆದವರು ಮಾತ್ರ. ಮೂರು ವಾರ ಟ್ಯೂಬಿನಲ್ಲಿದ್ದು ಏನೂ ಆಗದೆ ಹೊಲಕ್ಕೆ ಹೋದವರು ನಿಮ್ಮ ಹತ್ತಿರ ಯಾಕೆ ಬರ್ತಾರೆ? ಶ್ವಾಸನಾಳ ಕಿರಿದಾಗೋದಕ್ಕೆ ದಿನಗಳಷ್ಟೇ ಕಾರಣ ಅಲ್ಲ, ಟ್ಯೂಬಿನ ಬುಡದಲ್ಲಿರೋ ಗಾಳಿಚೀಲದ ಒತ್ತಡ ಕೂಡ. 20ರಿಂದ 30 ಸೆಂಟಿಮೀಟರ್ ನೀರಿನ ಒತ್ತಡದೊಳಗೆ ಇರಬೇಕು. ಮೇಲೆ ಹೋದರೆ ಒಳಪದರಕ್ಕೆ ರಕ್ತ ಹರಿಯಲ್ಲ. ಅಳತೆ ಮಾಡೋ ಗಡಿಯಾರದಂಥ ಮಾಪಕ ಇದ್ದೂ ಎಷ್ಟು ಕಡೆ ಬೆರಳಲ್ಲಿ ಒತ್ತಿ ನೋಡಿ ಸಾಕು ಅಂತಾರೆ! ಟ್ರೇಕಿ ನಳಿಕೆಗೂ ಅದೇ ಗಾಳಿಚೀಲ ಇರುತ್ತೆ, ತೂತಿನ ಜಾಗದಲ್ಲೂ ನಾಳ ಕಿರಿದಾಗಬಹುದು.

ಎಲ್ಲಿಯ ತನಕ ಅನ್ನೋ ಪ್ರಶ್ನೆ ಮಾತ್ರ ನ್ಯಾಯವಾದದ್ದು. ನನ್ನ ಉತ್ತರ: ಮೊದಲ ವಾರ ತೀರ್ಮಾನ ಮಾಡೋಕೆ ಹೋಗಬೇಡಿ, ಕೆಲವು ಸ್ಪಷ್ಟ ಕಾರಣಗಳನ್ನ ಬಿಟ್ಟು. ಏಳರಿಂದ ಹತ್ತನೇ ದಿನದ ಹೊತ್ತಿಗೆ ಗಂಭೀರವಾಗಿ ಕೂತು ಮಾತಾಡಿ. ಆಮೇಲೆ ಬೇಕು ಅಂತ ನಿಂತರೆ ಆಕ್ಸಿಜನ್, ರಕ್ತ ಹೆಪ್ಪುಗಟ್ಟೋ ಗುಣ, ಬಿಪಿ ಹದಕ್ಕೆ ಬಂದ ಮೊದಲ ದಿನವೇ ಮುಗಿಸಿ.

ತೀರ್ಥಹಳ್ಳಿ ಅಡಿಕೆ

ಆ "ಸ್ಪಷ್ಟ ಕಾರಣ" ಯಾವುದು ಅಂತ ಹೇಳಿ ಮೇಷ್ಟ್ರೇ. ನಮ್ಮ ಮನೆಯವಳಿಗೆ ಗೀಯನ್-ಬಾರೆ ಸಿಂಡ್ರೋಮ್ ಅನ್ನೋ ನರದ ಕಾಯಿಲೆ ಆಗಿತ್ತು. ಕಾಲಿಂದ ಶುರುವಾದ ಸೋಲು ಎದೆಗೆ ಬಂತು, ವೆಂಟಿಲೇಟರ್. ನಮ್ಮ ನರರೋಗ ತಜ್ಞರು ತುಂಬ ಮುಂಚೆಯೇ "ಇದು ವಾರಗಟ್ಟಲೆ ಹಿಡಿಯುತ್ತೆ, ಟ್ರೇಕಿ ಮಾಡಿಬಿಡೋಣ" ಅಂದರು. ಅವಳಿಗೆ ಬುದ್ಧಿ ಪೂರ್ತಿ ಎಚ್ಚರ ಇತ್ತು, ಕೈಕಾಲು ಮಾತ್ರ ಇರಲಿಲ್ಲ. ಬಾಯಿಯ ಟ್ಯೂಬಿನಲ್ಲಿ ಅವಳ ಕಣ್ಣೀರು ನೋಡೋಕೆ ಆಗ್ತಿರಲಿಲ್ಲ. ಟ್ರೇಕಿ ಆದ ಮೇಲೆ ತುಟಿ ಅಲುಗಿಸಿ ಮಾತಾಡೋಳು, ನಾವು ಓದೋದು. "ಹಟ್ಟಿಗೆ ಹುಲ್ಲು ಹಾಕಿದ್ರಾ" ಅಂತ ಕೇಳಿದ್ದೇ ಮೊದಲ ಮಾತು. ಈಗ ನಡೀತಾಳೆ.

ಅರಿವಳಿಕೆ ಮೇಷ್ಟ್ರು, ಮೈಸೂರು

ನೀವೇ ಉತ್ತರ ಕೊಟ್ಟಿರಿ. ನರಗಳ ಮೇಲಿನ ಪೊರೆ ಕೆಟ್ಟು ಮತ್ತೆ ಬೆಳೆಯೋಕೆ ವಾರಗಳು, ಒಮ್ಮೊಮ್ಮೆ ತಿಂಗಳುಗಳು ಬೇಕು. ಚಿಕಿತ್ಸೆ ಕೊಟ್ಟ ಮೇಲೂ ಕೈ ಎತ್ತೋ ಶಕ್ತಿ ಬರ್ತಿಲ್ಲ ಅಂದರೆ ಬೇಗ ಟ್ರೇಕಿ ಮಾಡೋದು ಜಾಣತನ. ಕುತ್ತಿಗೆಯ ಮೇಲ್ಭಾಗದಲ್ಲಿ ಬೆನ್ನುಹುರಿ ತುಂಡಾದವರದ್ದೂ ಅದೇ ಕತೆ. ಧನುರ್ವಾಯುವಿನಲ್ಲಿ ಗಂಟಲೇ ಸೆಟೆದು ಮುಚ್ಚಿಕೊಳ್ಳೋದರಿಂದ ಮೊದಲ ದಿನಗಳಲ್ಲೇ ಮಾಡ್ತಾರೆ. ಇಲ್ಲೆಲ್ಲ ಮುಂದೇನು ಅಂತ ರೋಗವೇ ಹೇಳಿಬಿಡುತ್ತೆ, ವೈದ್ಯರು ಕಣಿ ಹೇಳಬೇಕಿಲ್ಲ.

ಎದುರು ತುದಿಯದು ನಮ್ಮ ಹಳ್ಳಿಗಳಿಂದ ಬರೋ ಕೀಟನಾಶಕದ ಕೇಸು. ಆರ್ಗನೋಫಾಸ್ಫೇಟ್ ಕುಡಿದವರು ಮೊದಲ ದಿನದ ಗಂಡಾಂತರ ದಾಟಿ ಸುಧಾರಿಸಿದರು ಅನ್ನೋ ಹೊತ್ತಿಗೆ, 24ರಿಂದ 96 ಗಂಟೆಯೊಳಗೆ, ಕುತ್ತಿಗೆ ಎತ್ತಲಾಗದೆ ಉಸಿರು ನಿಲ್ಲುತ್ತೆ. ಶ್ರೀಲಂಕಾದ ಸೇನಾನಾಯಕೆ ಮತ್ತು ಕರಲ್ಲಿಯದ್ದೆ ಎಂಬ ವೈದ್ಯರು 1987ರಲ್ಲಿ ಇದನ್ನ ವಿವರಿಸಿದರು. ಮನೆಯವರಿಗೆ ಇದು ಮುಗಿದ ಕತೆ ಅನ್ನಿಸುತ್ತೆ. ಆದರೆ ಕಾದು ನೋಡಿದರೆ ಬಹುಪಾಲು ಜನ ಒಂದರಿಂದ ಮೂರು ವಾರದಲ್ಲಿ ತಾವೇ ಉಸಿರಾಡ್ತಾರೆ. ಕಟ್ಟುಹಾವು ಕಡಿದವರು ಇನ್ನೂ ಬೇಗ ಬರ್ತಾರೆ. ಇವರಿಗೆ ಮೂರನೇ ದಿನಕ್ಕೇ ಟ್ರೇಕಿ ಅಂದರೆ ನಾನು ಒಪ್ಪಲ್ಲ.

ಹಾವೇರಿ ಹುಡುಗ

ಎಲ್ಲಾ ಓದಿದೆ ಸರ್, ಕಾಕಿಗೂ ಓದಿ ಹೇಳೇನಿ. ಕೊಯ್ಯೂದಂದ್ರ ಏನು ಅಂತ ತಿಳದ ಮ್ಯಾಲ ಸ್ವಲ್ಪ ಸಮಾಧಾನ ಆಗ್ಯಾರ. ಆದ್ರ ನಮ್ಮ ಕಾಕಾಂದು ಯಾವ ಕಡೆಗೆ ಬರತದ? ಮಿದುಳಿಂದು ಬ್ಯಾರೆ ಅಲ್ರೀ?

ಯಾರ್ಕ್‌ಶೈರ್ ಕನ್ನಡಿಗ

ನಾನು ಇಲ್ಲಿ ಇಂಗ್ಲೆಂಡಿನಲ್ಲಿ ಐಸಿಯುನಲ್ಲಿ ಕೆಲಸ ಮಾಡ್ತೀನಿ, ಮೂಲ ದಾವಣಗೆರೆ. ನಿಮ್ಮ ಪ್ರಶ್ನೆಗೆ ತೀರಾ ಹತ್ತಿರದ ಅಧ್ಯಯನ ಸೆಟ್‌ಪಾಯಿಂಟ್-2, 2022ರದು. ಜರ್ಮನಿ ಮತ್ತು ಅಮೆರಿಕದ 26 ಕೇಂದ್ರಗಳು, 382 ರೋಗಿಗಳು, ಎಲ್ಲರೂ ತೀವ್ರ ಪಾರ್ಶ್ವವಾಯು ಅಥವಾ ಮಿದುಳಿನ ರಕ್ತಸ್ರಾವದಿಂದ ವೆಂಟಿಲೇಟರ್ ಸೇರಿದವರು. ಐದು ದಿನದೊಳಗೆ ಟ್ರೇಕಿ ಒಂದು ಕಡೆ. 10ನೇ ದಿನದ ತನಕ ಟ್ಯೂಬ್ ತೆಗೆಯೋ ಪ್ರಯತ್ನ, ಆಗದಿದ್ದರೆ ಟ್ರೇಕಿ ಇನ್ನೊಂದು ಕಡೆ. ಆರು ತಿಂಗಳಾದ ಮೇಲೆ ತೀವ್ರ ಅಂಗವೈಕಲ್ಯ ಅಥವಾ ಸಾವಿನಿಂದ ತಪ್ಪಿಸಿಕೊಂಡವರು ಬೇಗ ಮಾಡಿದ ಗುಂಪಿನಲ್ಲಿ ಶೇಕಡಾ 43.5, ಕಾದ ಗುಂಪಿನಲ್ಲಿ 47.1. ಬೇಗ ಮಾಡಿದ್ದರಿಂದ ಲಾಭ ಕಾಣಲಿಲ್ಲ. ಆದರೆ ಇಲ್ಲಿ ಕಾದವರಲ್ಲೂ ಸುಮಾರು ಮೂರರಲ್ಲಿ ಎರಡು ಪಾಲು ಜನಕ್ಕೆ ಕೊನೆಗೆ ಟ್ರೇಕಿ ಆಯ್ತು. ಅಂದರೆ ನಿಮ್ಮ ಡಾಕ್ಟರು ಕೇಳ್ತಿರೋದು ಅಸಂಬದ್ಧ ಅಲ್ಲ, ಇನ್ನೆರಡು ಮೂರು ದಿನ ನೋಡೋಣ ಅಂತ ನೀವು ಕೇಳೋದೂ ಅಸಂಬದ್ಧ ಅಲ್ಲ.

ನಾಳೆ ರೌಂಡ್ಸ್ ಹೊತ್ತಿಗೆ ಇದನ್ನ ಕೇಳಿ: ಕಾಕಾ ಟ್ಯೂಬ್ ಬಿಟ್ಟು ಬರೋಕೆ ತಡೀತಿರೋದು ಏನು? ಶ್ವಾಸಕೋಶವಾ, ಕೆಮ್ಮಿನ ಶಕ್ತಿಯಾ, ಎಚ್ಚರವಾ, ನುಂಗೋದಾ? ವೆಂಟಿಲೇಟರ್ ಸಹಾಯ ಕಡಿಮೆ ಮಾಡಿ ಸ್ವಂತ ಉಸಿರಾಟದ ಪರೀಕ್ಷೆ ಮಾಡಿದ್ರಾ? ಕಫ ಎಳೆಯೋಕೆ ಸಕ್ಷನ್ ಹಾಕಿದಾಗ ಜೋರಾಗಿ ಕೆಮ್ಮುತ್ತಾರಾ? ಮುಖದ ಮುಂದೆ ಓಡಾಡಿದ್ರೆ ಕಣ್ಣು ಹಿಂಬಾಲಿಸುತ್ತಾ? ಉಸಿರು ಚೆನ್ನಾಗಿದ್ದು ಕೆಮ್ಮೂ ಚೆನ್ನಾಗಿದ್ದರೆ, ಪೂರ್ತಿ ಮಾತು ಕೇಳದಿದ್ದರೂ ಒಮ್ಮೆ ತೆಗೆದು ನೋಡೋಕೆ ಜಾಗ ಇದೆ. ಎಂಜಲೇ ನುಂಗಲಾರದೆ ಗಂಟಲಲ್ಲಿ ನಿಲ್ತಾ ಇದ್ರೆ ಟ್ರೇಕಿ ಕಡೆ ವಾಲಿ. ರಕ್ತಸ್ರಾವದ ಕೇಸಿನಲ್ಲಿ ತಲೆಯೊಳಗಿನ ಒತ್ತಡ ಇಳಿದಿದೆಯಾ ಅನ್ನೋದನ್ನೂ ಕೇಳಿ. ಟ್ರೇಕಿಗೆ ಅಂತ ಮಟ್ಟಸ ಮಲಗಿಸಿ ಕುತ್ತಿಗೆ ಹಿಂದಕ್ಕೆ ಬಾಗಿಸಿದಾಗ ಆ ಒತ್ತಡ ಏರುತ್ತೆ, ಊತ ಇರೋ ಮಿದುಳಿಗೆ ಅದು ಒಳ್ಳೇದಲ್ಲ.

ಇಲ್ಲಿಯ ಇನ್ನೊಂದು ಪದ್ಧತಿ ಹೇಳ್ತೀನಿ. ಇಂಗ್ಲೆಂಡಿನಲ್ಲಿ ರೋಗಿಗೆ ಪ್ರಜ್ಞೆ ಇಲ್ಲದಾಗ ಮನೆಯವರ ಸಹಿ ಸಾಮಾನ್ಯವಾಗಿ ಬೇಕಿಲ್ಲ. 2005ರ ಕಾಯಿದೆ ಪ್ರಕಾರ ರೋಗಿಯ ಹಿತ ನೋಡಿ ವೈದ್ಯರೇ ತೀರ್ಮಾನಿಸಬೇಕು. ಮನೆಯವರನ್ನ ಕೇಳೋದು "ಅವರಿಗೆ ಪ್ರಜ್ಞೆ ಇದ್ದಿದ್ರೆ ಏನಂತಿದ್ರು" ಅಂತ. ಊರಲ್ಲಿ ಆ ಭಾರ ಪೂರ್ತಿ ಕಾಕಿಯ ಹೆಬ್ಬೆರಳ ಮೇಲೆ ಬೀಳುತ್ತೆ. ಆಮೇಲೆ ಏನೇ ಆದರೂ "ನೀ ಸಹಿ ಹಾಕಿದ್ದಕ್ಕೆ" ಅನ್ನೋ ನೆಂಟರೂ ಇರ್ತಾರೆ. ಮನೆಯ ನಾಲ್ಕು ಜನ ಒಟ್ಟಿಗೆ ಹೋಗಿ ಡಾಕ್ಟರ ಹತ್ತಿರ ಕೂತು ಕೇಳಿ, ಒಬ್ಬರ ತಲೆಗೆ ಕಟ್ಟಬೇಡಿ.

ಬಿಲ್ ನೋಡಿ ಬೆಚ್ಚಿದವ

ಸರಿ, ದುಡ್ಡಿನ ಮಾತು ಯಾರೂ ಆಡ್ತಿಲ್ಲ, ನಾನೇ ಕೇಳ್ತೀನಿ. ಬೇಗ ಟ್ರೇಕಿ ಮಾಡಿದ್ರೆ ಐಸಿಯು ದಿನ ಕಡಿಮೆ ಆಗುತ್ತಾ ಇಲ್ವಾ?

ಅರಿವಳಿಕೆ ಮೇಷ್ಟ್ರು, ಮೈಸೂರು

ಟ್ರ್ಯಾಕ್‌ಮ್ಯಾನ್‌ನಲ್ಲಿ ಐಸಿಯು ದಿನಗಳು ಕಡಿಮೆ ಆಗಲಿಲ್ಲ. ಮಂಪರಿನ ದಿನಗಳು ಕಡಿಮೆ ಆದವು, ಅಷ್ಟೇ. ಕೆಲವು ಕಡೆ ಟ್ರೇಕಿ ಆದವರನ್ನ ಬೇಗ ವಾರ್ಡಿಗೆ ಕಳಿಸ್ತಾರೆ, ಆಗ ಬಿಲ್ ಇಳಿಯೋದು ನಿಜ. ಆದರೆ ಆ ವಾರ್ಡಿನಲ್ಲಿ ಮೂವತ್ತು ರೋಗಿಗಳಿಗೆ ರಾತ್ರಿ ಇಬ್ಬರು ಸಿಸ್ಟರ್ ಇದ್ದರೆ, ಕಫ ಕಟ್ಟಿ ನಳಿಕೆ ಮುಚ್ಚಿದಾಗ ಗೊತ್ತಾಗೋದೇ ಇಲ್ಲ. ಅಂಥ ಕಡೆ ಟ್ರೇಕಿ ರೋಗಿಯನ್ನ ಐಸಿಯುನಿಂದ ಹೊರಗೆ ಹಾಕೋದು ಉಳಿತಾಯ ಅಲ್ಲ.

ಯಾರ್ಕ್‌ಶೈರ್ ಕನ್ನಡಿಗ

ಅದಕ್ಕೇ ಸೇರಿಸ್ತೀನಿ. 2011ರಲ್ಲಿ ಬ್ರಿಟನ್ನಿನಲ್ಲಿ ಉಸಿರುದಾರಿಯ ಅವಘಡಗಳ ದೇಶವ್ಯಾಪಿ ಲೆಕ್ಕ ತೆಗೆದಾಗ, ಐಸಿಯುಗಳಲ್ಲಿ ಸಾವು ಮತ್ತು ಮಿದುಳಿನ ಹಾನಿಗೆ ದೊಡ್ಡ ಕಾರಣ ಜಾರಿದ ಟ್ರೇಕಿ ನಳಿಕೆ ಅಂತ ಬಂತು. ಉಸಿರಿನ ಇಂಗಾಲದ ಡೈಆಕ್ಸೈಡ್ ತೋರಿಸೋ ಕ್ಯಾಪ್ನೋಗ್ರಾಫ್ ಅನೇಕ ಕಡೆ ಇರಲೇ ಇಲ್ಲ. ಅದಾದ ಮೇಲೆ ಹಾಸಿಗೆಯ ತಲೆಗಡೆ ಹಸಿರು ಅಥವಾ ಕೆಂಪು ಫಲಕ ತೂಗುಹಾಕೋದು ರೂಢಿಗೆ ಬಂತು. ಹಸಿರು ಅಂದರೆ ಬಾಯಿ ಮೂಗಿನಿಂದಲೂ ಉಸಿರುದಾರಿ ಇದೆ ಅಂತ, ಕೆಂಪು ಅಂದರೆ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದಾರೆ, ಬಾಯಿಂದ ಆಕ್ಸಿಜನ್ ಕೊಟ್ಟು ಪ್ರಯೋಜನ ಇಲ್ಲ ಅಂತ. ಒಂದು ರಟ್ಟು, ನಾಲ್ಕು ಸಾಲು. ನಮ್ಮೂರ ಆಸ್ಪತ್ರೆಗಳಲ್ಲಿ ಇದನ್ನ ಮಾಡೋಕೆ ಯಾವ ಬಜೆಟ್ಟೂ ಬೇಕಿಲ್ಲ.

ಚರಿತ್ರೆ ಹುಚ್ಚ

ವಿಷಯಾಂತರ ಅನ್ನಿಸಿದರೆ ಕ್ಷಮಿಸಿ. ಐಸಿಯು ಹುಟ್ಟಿ ಆಮೇಲೆ ಟ್ರೇಕಿ ಬಂತು ಎಂಬಂತೆ ಎಲ್ಲರೂ ಮಾತಾಡುತ್ತಿದ್ದೀರಿ. ಆದದ್ದು ತಿರುಗುಮುರುಗು. 1952ರ ಆಗಸ್ಟಿನಲ್ಲಿ ಕೋಪನ್‌ಹೇಗನ್ನಿನ ಬ್ಲೆಗ್ಡಾಮ್ ಆಸ್ಪತ್ರೆ ಪೋಲಿಯೋ ರೋಗಿಗಳಿಂದ ತುಂಬಿತ್ತು. ಉಸಿರಾಟ ನಿಂತವರಿಗೆ ಸಾಕಾಗುವಷ್ಟು ಯಂತ್ರಗಳಿರಲಿಲ್ಲ, ಹೆಚ್ಚಿನವರು ಸಾಯುತ್ತಿದ್ದರು. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರು 12 ವರ್ಷದ ಹುಡುಗಿಯೊಬ್ಬಳಿಗೆ ಟ್ರೇಕಿಯಾಸ್ಟಮಿ ಮಾಡಿಸಿ, ಆ ನಳಿಕೆಗೆ ರಬ್ಬರ್ ಚೀಲ ಜೋಡಿಸಿ ಕೈಯಿಂದ ಒತ್ತಿದರು. ಹುಡುಗಿ ಉಳಿದಳು. ಆಮೇಲೆ ತಿಂಗಳುಗಟ್ಟಲೆ ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯಲ್ಲಿ ಕೂತು ಹಗಲೂ ರಾತ್ರಿ ಚೀಲ ಒತ್ತಿದರು. ಇಂಥ ರೋಗಿಗಳನ್ನು ಒಂದೇ ಕಡೆ ಇಟ್ಟು ಸದಾ ಕಣ್ಣಿಡುವ ವಾರ್ಡು ಎಂಬ ಕಲ್ಪನೆ ಅಲ್ಲಿಂದ ಬೆಳೆಯಿತು. ಅಲ್ಲಿ ಬೇಗವೋ ತಡವೋ ಎಂಬ ಪ್ರಶ್ನೆಯೇ ಇರಲಿಲ್ಲ.

ಕಿವಿ ಮೂಗು ಗಂಟಲು

ತಿರುಗುಮುರುಗು 2020ರಲ್ಲೂ ಆಯಿತು. ಕೋವಿಡ್ ಬಂದಾಗ ಬೇಗ ಮಾಡಿ ಎನ್ನುತ್ತಿದ್ದವರೇ 14 ದಿನ, 21 ದಿನ ಕಾಯಿರಿ ಎಂದರು. ಶ್ವಾಸನಾಳ ತೆರೆದರೆ ವೈರಸ್ ಚಿಮ್ಮಿ ನಮಗೇ ಬರುತ್ತದೆ ಎಂಬ ಭಯ ಒಂದು, ರೋಗಿಗೆ ಅಷ್ಟು ಹೊತ್ತು ವೆಂಟಿಲೇಟರ್ ನಿಲ್ಲಿಸಿದರೆ ಆಕ್ಸಿಜನ್ ಕುಸಿಯುತ್ತದೆ ಎಂಬುದು ಇನ್ನೊಂದು. ಎರಡನೆಯ ಕಾರಣ ಈಗಲೂ ಸತ್ಯ. ಶೇಕಡಾ 60 ಆಕ್ಸಿಜನ್ ಮೇಲೆ ಇರುವವರನ್ನು, ಪೀಪ್ (ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಯಂತ್ರ ಉಳಿಸುವ ಒತ್ತಡ) 10 ದಾಟಿದವರನ್ನು, ರಕ್ತ ಹೆಪ್ಪುಗಟ್ಟದವರನ್ನು ಅದು ಎಷ್ಟನೆಯ ದಿನವೇ ಆಗಿರಲಿ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮನೆಯವರೇ ಮೊದಲು ಹೇಳಬೇಕು.

ತೀರ್ಥಹಳ್ಳಿ ಅಡಿಕೆ

ಕೇಳೋಕೆ ಕಷ್ಟದ ಪ್ರಶ್ನೆ, ಆದರೂ ಕೇಳ್ತೀನಿ. ಮಿದುಳು ಸುಧಾರಿಸೋದೇ ಇಲ್ಲ ಅಂತ ಡಾಕ್ಟರಿಗೆ ಗೊತ್ತಿದ್ದೂ ಟ್ರೇಕಿ ಮಾಡಿ ಮನೆಗೆ ಕಳಿಸಿದ್ದನ್ನ ನೋಡಿದೀನಿ. ವರ್ಷಗಟ್ಟಲೆ ಹಾಗೇ ಮಲಗಿದ್ದರು.

ಅರಿವಳಿಕೆ ಮೇಷ್ಟ್ರು, ಮೈಸೂರು

ಕೇಳಲೇಬೇಕಾದ ಪ್ರಶ್ನೆ. ಟ್ರೇಕಿ ಕೇಳೋಕೆ ಬಂದ ದಿನವೇ ಈ ಮಾತೂ ಆಗಬೇಕು, ಯಾಕೆಂದರೆ ನಿಜವಾಗಿ ತೀರ್ಮಾನಿಸ್ತಿರೋದು ನಳಿಕೆಯನ್ನಲ್ಲ, ಎಷ್ಟು ದೂರ ಹೋಗಬೇಕು ಅನ್ನೋದನ್ನ. ನಾನು ಇಷ್ಟಪಡೋ ದಾರಿ: ಇಷ್ಟು ದಿನ ಪೂರ್ತಿ ಪ್ರಯತ್ನ ಮಾಡೋಣ, ಇಂಥಿಂಥ ಸುಧಾರಣೆ ಕಾಣಬೇಕು, ಕಾಣದಿದ್ದರೆ ಮತ್ತೆ ಕೂತು ಮಾತಾಡೋಣ ಅಂತ ಮೊದಲೇ ಹೇಳಿಕೊಳ್ಳೋದು. ಹಾಗಾಗಿಯೂ ಸ್ವಲ್ಪ ಕಾಯೋದು ಒಳ್ಳೇದು, ಮೊದಲ ವಾರ ಮಿದುಳಿನ ಭವಿಷ್ಯ ಹೇಳೋದು ಕಷ್ಟ. ಕಾನೂನಿನ ಭಯ ಇಟ್ಟುಕೊಳ್ಳೋರಿಗೆ: 2018ರಲ್ಲಿ ಸುಪ್ರೀಂ ಕೋರ್ಟ್ ಘನತೆಯಿಂದ ಸಾಯೋ ಹಕ್ಕನ್ನ ಒಪ್ಪಿತು, 2023ರಲ್ಲಿ ಅದರ ವಿಧಾನವನ್ನ ಸರಳ ಮಾಡಿತು, 2025ರ ಜನವರಿ ಕೊನೆಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಅದನ್ನ ಜಾರಿಗೊಳಿಸೋ ಆದೇಶ ಹೊರಡಿಸಿತು. ಆಸ್ಪತ್ರೆಯಲ್ಲಿ ಎರಡು ವೈದ್ಯ ಮಂಡಳಿಗಳು ನೋಡಬೇಕು, ಮನೆಯವರು ಒಪ್ಪಬೇಕು.

ಹಾವೇರಿಯವರೇ, ನಿಮ್ಮ ಕಾಕಾ ಕಣ್ಣು ಬಿಡ್ತಿದ್ದಾರೆ, ಕೈ ಆಡಿಸ್ತಿದ್ದಾರೆ. ನಾನೀಗ ಹೇಳಿದ್ದು ಅವರ ಬಗ್ಗೆ ಅಲ್ಲ.

ಹಾವೇರಿ ಹುಡುಗ

ತಿಳೀತ್ರೀ ಸರ್. ನಾಕೂ ಮಂದಿ ಕೂಡೇ ಹೋಗಿದ್ವಿ. ಯಾರ್ಕ್‌ಶೈರ್ ಅಣ್ಣಾವರು ಬರದಿದ್ದನ್ನ ಮೊಬೈಲ್‌ನ್ಯಾಗ ಇಟ್ಕೊಂಡ ಕೇಳಿದೆ. ಡಾಕ್ಟರ್ ಸಿಟ್ಟಾಗಲಿಲ್ಲ, ಉಲ್ಟಾ ಕುರ್ಚಿ ಹಾಕಿಸಿ ಅರ್ಧಾ ತಾಸು ಹೇಳಿದ್ರು. ಉಸಿರು ಬರೋಬರಿ ಅದ, ಕೆಮ್ಮು ಭಾಳ ಸಣ್ಣದದ, ಎಂಜಲಾ ಗಂಟಲದಾಗ ನಿಂದರತದ ಅಂದ್ರು. ಇನ್ನೆರಡು ದಿನ ಮಂಪರು ಪೂರಾ ಬಂದ್ ಮಾಡಿ ನೋಡತಾರಂತ, ಕೆಮ್ಮು ಬರಲಿಲ್ಲಂದ್ರ ಟ್ರೇಕಿ. ಕಾಕಿ ಒಪ್ಪ್ಯಾರ. ಮನಿಗೆ ನಳಿಕಿ ಸಂಗಟನ ಕಳಿಸಿದ್ರ ಏನೇನು ಬೇಕಾಗತದ, ಸಿಸ್ಟರ್ ಅವ್ವಾರ ಹೇಳ್ರಿ.

ರಾತ್ರಿಪಾಳಿ ಸಿಸ್ಟರ್, ಮಂಗಳೂರು

ಸಕ್ಷನ್ ಮೆಶಿನ್ ಮೊದಲು, ಕರೆಂಟ್ ಹೋದರೆ ಕಾಲಲ್ಲಿ ತುಳಿಯುವಂಥದ್ದು ಅಥವಾ ಬ್ಯಾಟರಿ ಇರುವಂಥದ್ದು. ಅದೇ ಅಳತೆಯ ಇನ್ನೊಂದು ನಳಿಕೆ, ಅದಕ್ಕಿಂತ ಒಂದು ಅಳತೆ ಸಣ್ಣದು ಇನ್ನೊಂದು, ಎರಡೂ ತಲೆದಿಂಬಿನ ಹತ್ತಿರವೇ ಇರಬೇಕು, ಕಪಾಟಿನಲ್ಲಲ್ಲ. ಒಳಗೆ ಸಣ್ಣ ನಳಿಕೆ ಇರುವಂಥದ್ದನ್ನೇ ಹಾಕಿಸಿ ಅಂತ ಕೇಳಿ, ಕಫ ಕಟ್ಟಿದರೆ ಅದೊಂದನ್ನೇ ತೆಗೆದು ತೊಳೀಬಹುದು. ಮೂಗಿನಿಂದ ಹೋಗದ ಗಾಳಿಗೆ ತೇವ ಇರುವುದಿಲ್ಲ, ಕಫ ಗಟ್ಟಿ ಆಗ್ತದೆ, ನಳಿಕೆಯ ಬಾಯಿಗೆ ತೇವ ಹಿಡಿಯುವ ಫಿಲ್ಟರ್ ಹಾಕ್ತಾರೆ, ಅದನ್ನು ದಿನಾ ಬದಲಿಸಿ. ಸ್ನಾನಕ್ಕೆ ಎದೆಯಿಂದ ಕೆಳಗೆ ಮಾತ್ರ ನೀರು. ಡಿಸ್ಚಾರ್ಜಿಗೆ ಮುಂಚೆ ನಿಮ್ಮ ಮನೆಯ ಇಬ್ಬರು ನಮ್ಮಂಥವರ ಕಣ್ಣೆದುರೇ ಸಕ್ಷನ್ ಮಾಡಿ ತೋರಿಸಬೇಕು. ನೋಡಿ ಕಲಿತೆ ಅಂದರೆ ಸಾಲುವುದಿಲ್ಲ.

ಕಿವಿ ಮೂಗು ಗಂಟಲು

ಒಂದು ಬಿಟ್ಟುಹೋಯಿತು. ಮಾತಾಡಲೆಂದು ನಳಿಕೆಗೆ ಹಾಕುವ ಕವಾಟ ಕೊಡುತ್ತಾರೆ. ಅದು ಗಾಳಿಯನ್ನು ಒಳಗೆ ಬಿಡುತ್ತದೆ, ಹೊರಗೆ ಬಿಡುವುದಿಲ್ಲ. ಹೊರಗೆ ಬರುವ ಗಾಳಿ ಧ್ವನಿತಂತುಗಳ ಮೂಲಕ ಬಾಯಿಗೆ ಬರಬೇಕು. ಆದ್ದರಿಂದ ಗಾಳಿಚೀಲವನ್ನು ಪೂರ್ತಿ ಇಳಿಸದೆ ಕವಾಟ ಹಾಕಿದರೆ ರೋಗಿ ಉಸಿರು ಬಿಡಲಾರದೆ ನಿಮಿಷಗಳಲ್ಲಿ ಪ್ರಾಣಕ್ಕೆ ಬರುತ್ತದೆ. ಮೊದಲ ಸಲ ಅದನ್ನು ಆಸ್ಪತ್ರೆಯಲ್ಲೇ, ಬೆರಳಿಗೆ ಆಕ್ಸಿಜನ್ ಮಾಪಕ ಹಾಕಿ ಪ್ರಯತ್ನಿಸಿ. ಮನೆಯಲ್ಲಿ ಹಾಕುವ ಮುಂಚೆ ಪ್ರತಿ ಸಲ ಸಿರಿಂಜಿನಿಂದ ಗಾಳಿ ಎಳೆದು ನೋಡಿ, ಮಲಗುವಾಗ ತೆಗೆದಿಡಿ.